ಬಾವುಟಕ್ಕೇರಿದ ತೂಬು

ಗೌನಿಪಲ್ಲಿ ಕಡೆಯ ನಮ್ಮೂರಿನ ಕೆರೆಗೆ ಆಂಜಿನಪ್ಪ ನೀರುಗಂಟಿ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಈ ಕೆಲಸ ಅವನಿಗೆ ಅಪ್ಪನಿಂದ ಬಂದದ್ದು. ಏರಿಯ ಪಕ್ಕ ನೀರಿನಲ್ಲಿ ಎರಡು ಕಲ್ಲುಕಂಬ, ಅವಕ್ಕೆ ಅಡ್ಡಲಾಗಿ ಕಲ್ಲುಪಟ್ಟಿ, ನಡುವೆ ತಳದ ತೂತು ಮುಚ್ಚುವ ಬಿರಟೆ ಸಿಕ್ಕಿಸಿದ ಉದ್ದನೆಯ ಮರದ ಗಳು. ಅದೇ ತೂಬು. ಆಂಜಿನಪ್ಪ ಈಜಿಹೋಗಿ ಆ ಗಳು ಎತ್ತಿದರೆ ಊರಿಗೆ ಅನ್ನ. ಕುಯ್ಲಿನಲ್ಲಿ ಪ್ರತಿ ಗದ್ದೆಯಿಂದಲೂ ಅವನಿಗೆ ಒಂದು ಹೊರೆ ಭತ್ತ ಬರುತ್ತಿತ್ತು.

ಮಾತು ಕಮ್ಮಿ, ಬಿಗುಮಾನ ಜಾಸ್ತಿ. ಒಮ್ಮೆ ಪಟೇಲ ಚನ್ನರಾಯಪ್ಪನವರು ಸರದಿಗೆ ಮೊದಲೇ ಕಾಲುವೆ ಒಡೆಸಿ ತಮ್ಮ ಗದ್ದೆಗೆ ನೀರು ತಿರುಗಿಸಿಕೊಂಡಿದ್ದರು. ಆಂಜಿನಪ್ಪ ಹೋಗಿ ಸನಿಕೆಯಿಂದ ಮಣ್ಣೆಳೆದು ಮುಚ್ಚಿದ. ಪಟೇಲರು ಬೈದರು, ಇವನು ಕೇಳಿಸಿಕೊಂಡ, ನೀರು ಮಾತ್ರ ಬಿಡಲಿಲ್ಲ. ಅಂಥವನ ಹೆಂಡತಿ ಅಂಜಮ್ಮ ಕುಡಿಯುವ ನೀರಿಗೆ ಊರಬಾವಿಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು ಕಾಯಬೇಕಿತ್ತು. ಮೇಲುಜಾತಿಯವರು ಯಾರಾದರೂ ಮನಸ್ಸು ಮಾಡಿ ಸೇದಿ ಹುಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗದ್ದೆಯ ನೀರಿಗಿಲ್ಲದ ಮೈಲಿಗೆ ಬಾವಿಯ ನೀರಿಗೆ ಎಲ್ಲಿಂದ ಬರುತ್ತಿತ್ತೋ, ಕೇಳಿದರೆ ಹೇಳುವವರಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಕೇರಿಯ ಹುಡುಗರು ಸಂಘ ಕಟ್ಟಿದರು. ಬಾವಿ ಎಲ್ಲರದೂ ಆಗಬೇಕು ಅನ್ನುವುದು ಬೇಡಿಕೆ. ಶ್ರೀನಿವಾಸಪುರದ ತಾಲ್ಲೂಕು ಕಚೇರಿಗೆ ಮೆರವಣಿಗೆ ಹೋಗುವುದೆಂದಾಯಿತು. ಅದಕ್ಕೆ ಬಾವುಟ ಬೇಕು, ಬಾವುಟಕ್ಕೊಂದು ಚಿತ್ರ ಬೇಕು. ಕೋಲಾರದ ಕಾಲೇಜಿನಲ್ಲಿ ಓದಿ ಬಂದಿದ್ದ ಕದಿರೇಶ ಬಣ್ಣದ ಡಬ್ಬಿ ಹಿಡಿದು ಹುಣಸೆಮರದ ಕೆಳಗೆ ಕೂತ. ಪಂಜು ಬರೆಯೋಣ ಅಂದರೆ ಅದನ್ನು ಕಂಡಕಂಡ ಸಂಘದವರೆಲ್ಲ ಹಿಡಿದಾಗಿತ್ತು. ಬಿಗಿದ ಮುಷ್ಟಿ ಕಂಡರೆ ಹೊಡೆಯಲು ಬಂದರು ಅಂದುಕೊಳ್ಳುತ್ತಾರೆ ಅಂತ ಹಿರಿಯರು ಹಿಂಜರಿದರು. ಯಾರೋ ಒಬ್ಬ ಪೊರಕೆ ಅಂದ. "ದಿನಾ ಹಿಡಿಯೋದು ಸಾಲ್ದಾ?" ಅಂತ ಹೆಂಗಸರು ಅವನ ಮೇಲೆ ಬಿದ್ದರು.

ಆಗ ಅಂಜಮ್ಮ ಎದ್ದಳು. "ತೂಬು ಬರೀರಪ್ಪ. ಊರಿಗೆಲ್ಲ ನೀರು ಬಿಡೋದು ನಮ್ಮೋರ ಕೈ. ಕುಡಿಯೋಕ್ಕೆ ಮಾತ್ರ ಆ ಕೈ ಆಗಲ್ವಾ?"

ಎಲ್ಲರೂ ಹೋ ಅಂದರು. ಒಪ್ಪದವನು ಅವಳ ಗಂಡ ಒಬ್ಬನೇ.

"ತೂಬು ನಮ್ಮದಲ್ಲ ಕಣ್ರೋ, ಊರಿಂದು. ಅದನ್ನ ಬಾವುಟಕ್ಕೆ ಹಾಕಿದ್ರೆ ನೀರು ನಿಲ್ಲಿಸ್ತೀವಿ ಅಂತ ಹೆದರಿಸ್ದಂಗೆ. ನನ್ನ ಕೆಲಸ ಹೋಗ್ತದೆ."

"ನಿಂಗೆ ನಿನ್ನ ಭತ್ತದ ಹೊರೆ ಚಿಂತೆ," ಅಂದ ಕದಿರೇಶ.

ಅದು ಅನ್ಯಾಯದ ಮಾತು. ಹೊರೆ ಹೋದರೆ ಕೂಲಿ ಮಾಡಿಯಾದರೂ ಬದುಕಬಹುದಿತ್ತು. ತೂಬು ಹೋದರೆ ಆಂಜಿನಪ್ಪನಿಗೆ ತಾನು ಯಾರು ಅನ್ನುವುದೇ ತಿಳಿಯುತ್ತಿರಲಿಲ್ಲ. ಟವೆಲ್ಲು ಕೊಡವಿ ಎದ್ದುಹೋದ. ಅವತ್ತಿನಿಂದ ಮನೆಯಲ್ಲಿ ಗಂಡ ಹೆಂಡತಿಗೆ ಮಾತು ನಿಂತಿತು.

ನೀಲಿ ಬಟ್ಟೆಯ ಮೇಲೆ ಬಿಳಿಯ ತೂಬು ಮೂಡಿತು, ಮೆರವಣಿಗೆಯೂ ನಡೆಯಿತು. ಶ್ರೀನಿವಾಸಪುರದ ಮಾವಿನ ಮಂಡಿ ಮುಂದೆ ಒಬ್ಬ ವ್ಯಾಪಾರಿ "ಏಮ್ರಾ ಇದಿ, ಉಯ್ಯಾಲಾ?" ಅಂತ ತೆಲುಗಿನಲ್ಲಿ ಕೇಳಿ ನಕ್ಕ, ಎರಡು ಕಂಬ ಅಡ್ಡಪಟ್ಟಿ ಅವನಿಗೆ ಉಯ್ಯಾಲೆಯಂತೆ ಕಂಡಿತ್ತು. ನಮ್ಮೂರಿನ ಗದ್ದೆಯವರು ನಗಲಿಲ್ಲ. ಆ ಚಿತ್ರ ನೋಡಿದರೆ ಅವರಿಗೆ ಬಾವಿ ನೆನಪಾಗಲೇ ಇಲ್ಲ, ಗದ್ದೆಯ ನೀರು ನಿಂತಂತೆಯೇ ಕಂಡಿತು. ಭತ್ತ ತೆನೆಗಟ್ಟುವ ಕಾಲ, ಒಂದು ನೀರು ತಪ್ಪಿದರೆ ಬರೀ ಜೊಳ್ಳು. ಪಟೇಲರು ಆಂಜಿನಪ್ಪನನ್ನು ಕರೆಸಿ, "ನಾಳೆ ತೂಬು ತೆಗೀತೀಯೋ ಇಲ್ವೋ?" ಅಂತ ಕೇಳಿದರು. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಬಂದ.

ಇತ್ತ ಹುಡುಗರಿಗೆ ಹುರುಪು ಹತ್ತಿತ್ತು. ಹೇಗೂ ಹೆದರಿದ್ದಾರೆ, ನಿಜವಾಗಿಯೇ ನೀರು ನಿಲ್ಲಿಸಿಬಿಡು ಅಂತ ದುಂಬಾಲು ಬಿದ್ದರು.

"ಪೈರು ಏನ್ಲಾ ಮಾಡಿತ್ತು ನಿಮಗೆ?" ಅಂದ ಆಂಜಿನಪ್ಪ.

ಬೆಳಿಗ್ಗೆ ಹೋಗಿ ತೂಬು ತೆಗೆದ. ಮೇಲಿನ ಗದ್ದೆಯಿಂದ ಕೊನೆಯ ಗದ್ದೆಯವರೆಗೆ ಸರದಿ ತಪ್ಪದಂತೆ ನೀರು ಕಟ್ಟಿದ. ಪಟೇಲರು ಏರಿಯ ಮೇಲೆ ನಿಂತು ನೋಡಿ ಸಮಾಧಾನಪಟ್ಟರು. ಕದಿರೇಶ ಅವನನ್ನು ಗುಲಾಮ ಅಂದ. ಕೇರಿಯಲ್ಲಿ ಯಾರೂ ಅಲ್ಲ ಅನ್ನಲಿಲ್ಲ.

ಕೊನೆಯ ಗದ್ದೆಗೂ ನೀರುಣಿಸಿ, ಒದ್ದೆ ಪಂಚೆಯಲ್ಲಿ, ಕಾಲಿನ ಕೆಸರನ್ನೂ ತೊಳೆಯದೆ ಆಂಜಿನಪ್ಪ ಊರಬಾವಿಗೆ ಬಂದ. ಅಂಜಮ್ಮ ಎಂದಿನಂತೆ ದೂರದಲ್ಲಿ ಕೊಡ ಇಟ್ಟುಕೊಂಡು ಕೂತಿದ್ದಳು. ಅವನು ನೇರ ಕಟ್ಟೆ ಹತ್ತಿ ರಾಟೆಯ ಹಗ್ಗಕ್ಕೆ ಕೈ ಹಾಕಿದ. ಅಲ್ಲಿ ನೀರು ಸೇದುತ್ತಿದ್ದ ಪಟೇಲರ ಸೊಸೆ ಶ್ಯಾಮಲಮ್ಮ ಹಿಂದೆ ಸರಿದು ಕೂಗಿಕೊಂಡಳು. ಜನ ಸೇರಿತು. ಪಟೇಲರೂ ಓಡಿಬಂದರು.

"ಏನೋ ಇದು? ಬಾವುಟ ಬೇಡ ಅಂದೋನು ನೀನೇ ಅಲ್ವೇನೋ?"

"ಬಾವುಟ ಬೇಡ ಅಂದೆ ಸ್ವಾಮಿ. ನೀರು ಬೇಡ ಅಂದ್ನಾ?"

ಹೊಡೆಯಲು ಒಂದಿಬ್ಬರು ಮುಂದೆ ಬಂದರು. ಅವರ ಗದ್ದೆಯಲ್ಲಿ ಅವನು ಕಟ್ಟಿದ ನೀರು ಇನ್ನೂ ಇಂಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಕೈ ಮೇಲೇಳಲಿಲ್ಲ. ಆಂಜಿನಪ್ಪ ಹೆಂಡತಿಯ ಕಡೆ ತಿರುಗಿದ.

"ಬಾರೇ. ನೀನೇ ಸೇದು."

ಅವಳು ಕಟ್ಟೆ ಹತ್ತಿದಳು. ಅವನು ಕೊಡಕ್ಕೆ ನೀರು ಹುಯ್ಯಲಿಲ್ಲ, ಹಗ್ಗವನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ನಿಂತ. ಅಂಜಮ್ಮ ಅಳುತ್ತಲೇ ಸೇದಿದಳು. ಮರುದಿನ ಕೇರಿಯ ಹೆಂಗಸರೆಲ್ಲ ಬಂದರು.

ಆ ಕುಯ್ಲಿನಲ್ಲಿ ಅವನಿಗೆ ಸಲ್ಲಬೇಕಾದ ಹೊರೆಗಳನ್ನು ಯಾರೂ ಕೊಡದೆ ಉಳಿಸಿಕೊಳ್ಳಲಿಲ್ಲ. ಆದರೆ ನೀರುಗಂಟಿ ಕೆಲಸವನ್ನು ಪಟೇಲರು ರಾಯಲ್ಪಾಡಿನಿಂದ ಕರೆತಂದ ಒಬ್ಬನಿಗೆ ಒಪ್ಪಿಸಿದರು. ಆಂಜಿನಪ್ಪ ತಿಂಗಳುಗಟ್ಟಲೆ ಕೆರೆಯ ಕಡೆ ಸುಳಿಯಲಿಲ್ಲ. ಕೂಲಿಗೆ ಹೋಗುವಾಗ ಏರಿಯ ದಾರಿ ಬಿಟ್ಟು ಸುತ್ತು ಹಾಕುತ್ತಿದ್ದ.

ಎಂಬತ್ತೊಂದರಲ್ಲಿ ಸಂಘ ಮುಳಬಾಗಿಲಿಗೆ ದೊಡ್ಡ ಮೆರವಣಿಗೆ ಹೊರಡಿಸಿತು. ಕರೆಯದಿದ್ದರೂ ಆಂಜಿನಪ್ಪ ಬಂದ. ನೇರ ಕದಿರೇಶನ ಹತ್ತಿರ ಹೋಗಿ ತೂಬಿನ ಬಾವುಟಕ್ಕೆ ಕೈ ಚಾಚಿದ.

"ಅವತ್ತು ಬೇಡ ಅಂದೆ. ಈಗ್ಯಾಕಣ್ಣ?" ಅಂದ ಕದಿರೇಶ.

"ಇನ್ನೆಲ್ಲೈತೋ ನಂಗೆ ತೂಬು? ಕೊಡಿಲ್ಲಿ."