ಸ್ಟೋರ್ ಮಾಮನ ಹಳದಿ ಸೀಮೆಸುಣ್ಣ

ಬಲಗಿವಿಯ ಮೇಲೆ ಸದಾ ಒಂದು ಹಳದಿ ಸೀಮೆಸುಣ್ಣದ ತುಂಡು. ಅಲ್ಲಿನ ನರೆಗೂದಲೂ ಹಳದಿ. ಗಡಿಯೂರು ಮೂಕಂಡಪಲ್ಲಿಯ ನಮ್ಮ ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಅವರನ್ನು ಎಲ್ಲರೂ ಸ್ಟೋರ್ ಮಾಮ ಎನ್ನುತ್ತಿದ್ದೆವು. ತಮಿಳಿನವರ ಹತ್ತಿರ ತಮಿಳು, ತೆಲುಗಿನವರ ಹತ್ತಿರ ತೆಲುಗು. ಬೈಗುಳ ಮಾತ್ರ ಯಾರಿಗಾದರೂ ಕನ್ನಡದಲ್ಲೇ.

ನಾನು ಉದ್ದನಪಲ್ಲಿಯವಳು. ಐದು ವರ್ಷ ಲೈನಿನಲ್ಲಿ ಸ್ಕ್ರೂ ಬಿಗಿದು, ಸಂಜೆ ಹೊತ್ತು ಪೈಥಾನ್ ಕೋಡಿಂಗ್ ಕಲಿತು, ಪಾರ್ಟುಗಳನ್ನು ಪರೀಕ್ಷಿಸುವ ಪ್ರೋಗ್ರಾಂ ಬರೆಯುವ ಕುರ್ಚಿಗೆ ಬಂದಿದ್ದೆ. ಆ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಲೈನಿನ ಗೆಳತಿಯರು "ಮೇಡಮ್ಮೋರು ಬಂದ್ರು" ಎಂದು ಚುಚ್ಚುತ್ತಿದ್ದರು. ಒಳಗೆ ಎಂಜಿನಿಯರುಗಳಿಗೆ ನಾನಿನ್ನೂ ಲೈನ್ ಹುಡುಗಿ. ಶುಕ್ರವಾರದೊಳಗೆ ಪ್ರೋಗ್ರಾಂ ಮುಗಿಯದಿದ್ದರೆ ವಾಪಸ್ ಲೈನಿಗೆ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಆ ವಾರವೇ, ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯಲು ಬಳಸುವ ಎಡಿಟರ್ ಕೈಕೊಟ್ಟಿತು. ಪ್ರೋಗ್ರಾಮಿನ ತಲೆಯಲ್ಲಿ, ಅದಕ್ಕೆ ಬೇಕಾದ ಬೇರೆ ಫೈಲುಗಳನ್ನು ಕರೆಯುವ ಇಂಪೋರ್ಟ್ ಸಾಲುಗಳಿರುತ್ತವೆ. ಸೇವ್ ಒತ್ತಿದಾಗಲೆಲ್ಲ ಎಡಿಟರ್ ಅವನ್ನು ತಾನೇ ಜೋಡಿಸುತ್ತದೆ, ನಮ್ಮವು ಒಂದು ಕಡೆ, ಹೊರಗಿನಿಂದ ತಂದವು ಒಂದು ಕಡೆ. ಕಣ್ಣು ಮಿಟುಕಿಸುವಷ್ಟರ ಕೆಲಸ. ನನ್ನದರಲ್ಲಿ ಒಂದು ಟೀ ಕುಡಿದು ಮುಗಿಸುವಷ್ಟು ಹೊತ್ತು, ಪ್ರತಿ ಸಲವೂ! ಜೋಡಣೆಯನ್ನೇ ನಿಲ್ಲಿಸೋಣವೆಂದರೆ, ನಿಲ್ಲಿಸಕೂಡದೆಂದು ಎಂಜಿನಿಯರುಗಳ ಕಟ್ಟಪ್ಪಣೆ. ಕಂಪ್ಯೂಟರ್ ಆರಿಸಿ ಮತ್ತೆ ಆನ್ ಮಾಡಿದೆ, ಎಡಿಟರನ್ನು ಹೊಸದಾಗಿ ಹಾಕಿದೆ. ಜಪ್ಪಯ್ಯ ಅಂದರೂ ಸರಿಹೋಗಲಿಲ್ಲ.

ಗುರುವಾರ ಕೇಬಲ್ ಕೇಳಲು ಸ್ಟೋರಿಗೆ ಹೋದವಳು ಜಾಲರಿ ಬಾಗಿಲು ಹಿಡಿದು ಅತ್ತೇಬಿಟ್ಟೆ. ಮಾಮ ಕಂಪ್ಯೂಟರ್ ಮುಟ್ಟಿದವರಲ್ಲ. ಆದರೂ ಪೂರ್ತಿ ಕೇಳಿಸಿಕೊಂಡರು.

"ಜೋಡ್ಸೋಕೆ ಹೊತ್ತಾಗಲ್ಲ ಕಣಮ್ಮಿ, ಹುಡುಕೋಕೆ ಹೊತ್ತಾಗೋದು. ನಮ್ದಾ, ತಂದಿದ್ದಾ ಅಂತ ತಿಳ್ಕೊಳಾಕೆ ಅದು ಎಲ್ಲೆಲ್ಲಿ ನೋಡ್ತದೆ?"

ನನಗೆ ಆಗ ಹೊಳೆಯಿತು. ಯಾವುದೂ ತಪ್ಪಿಹೋಗದಿರಲಿ ಎಂಬ ಹೆದರಿಕೆಗೆ, ಫ್ಯಾಕ್ಟರಿಯ ಹಳೆಯ ಫೈಲುಗಳೆಲ್ಲ ತುಂಬಿದ್ದ ಸರ್ವರ್ ಫೋಲ್ಡರನ್ನೂ ಎಡಿಟರ್ ಹುಡುಕುವ ಜಾಗಗಳಿಗೆ ನಾನೇ ಸೇರಿಸಿದ್ದೆ. ಅದನ್ನು ಮಾಮನಿಗೆ ಹೇಳಿದೆ.

"ಅಯ್ಯೋ ನಿನ್ನ! ಒಂದು ನಟ್ಟಿಗೆ ಇಡೀ ಯಾರ್ಡ್ ಸುತ್ತುಸ್ತಿದ್ದೀಯಲ್ಲ!" ಮಾಮ ಕಿವಿಯಿಂದ ಸೀಮೆಸುಣ್ಣ ತೆಗೆದು ಮುಂದಿದ್ದ ಡಬ್ಬದ ಮೇಲೆ ಗೀಟು ಎಳೆದರು. ನಮ್ಮಲ್ಲೇ ತಯಾರಾದ ಪಾರ್ಟುಗಳಿಗೆ ಅವರು ಹಾಕುತ್ತಿದ್ದ ಗುರುತು ಅದು. "ನಮ್ದಕ್ಕೆ ಗುರ್ತು ಹಾಕ್ಬುಡು. ಆಮ್ಯಾಕೆ ಅದ್ಯಾಕೆ ಹುಡುಕ್ತದೆ?"

ಕೇಬಲ್ ಮರೆತು ಓಡಿದೆ. ಆ ಫೋಲ್ಡರ್ ತೆಗೆದೆ, ನಮ್ಮ ಫೈಲುಗಳ ಹೆಸರುಗಳನ್ನು ನಮ್ಮವು ಎಂದು ಸೆಟ್ಟಿಂಗಿನಲ್ಲಿ ಬರೆದೆ, ಸೇವ್ ಒತ್ತಿದೆ. ಬೆರಳು ಮೇಲೇಳುವ ಮೊದಲೇ ಸಾಲುಗಳು ಜೋಡಣೆಯಾಗಿದ್ದವು.

ಶುಕ್ರವಾರ ಪ್ರೋಗ್ರಾಂ ಮುಗಿಸಿ ಕೊಟ್ಟಾಗ ಮ್ಯಾನೇಜರ್ ಎಲ್ಲರೆದುರು, ಎಡಿಟರಿನ ದೋಷ ಕಂಡುಹಿಡಿದವರು ಯಾರು ಎಂದು ತಮಿಳಿನಲ್ಲಿ ಕೇಳಿದರು. ನಾನು ಬಿಟ್ಟುಬಂದಿದ್ದ ಕೇಬಲ್ ಹಿಡಿದು ಮಾಮ ಬಾಗಿಲಲ್ಲೇ ನಿಂತಿದ್ದರು. ಸ್ಟೋರಿನವರು ಎಂದರೆ ಎಂಜಿನಿಯರುಗಳು ನಗುತ್ತಾರೆ, ಕುರ್ಚಿ ಹೋಗುತ್ತದೆ ಎಂದು ನನಗೆ ಭಯ.

"ನಾನ್ ದಾನ್ ಸಾರ್," ನಾನೇ ಎಂದುಬಿಟ್ಟೆ.

ಮಾಮ ಕೇಬಲನ್ನು ನನ್ನ ಮೇಜಿನ ಮೇಲಿಟ್ಟರು. "ಸರಿ ಹೋಯ್ತಲ್ಲ, ಬುಡು ಮಗಾ," ಎಂದು ಮೆಲ್ಲಗೆ ಹೇಳಿ ಹೊರಟುಹೋದರು.

ನಾಳೆ ನಿಜ ಹೇಳುತ್ತೇನೆ, ಮಾಮನ ಕ್ಷಮೆ ಕೇಳುತ್ತೇನೆ ಎಂದು ದಿನಾ ಅಂದುಕೊಂಡೆ. ಸಂಕ್ರಾಂತಿ ರಜೆ ಮುಗಿಸಿ ಬಂದಾಗ ಜಾಲರಿಯ ಹಿಂದೆ ಬೇರೆಯವರಿದ್ದರು. ಎದೆನೋವು ಬಂದು ಮಾಮ ತೀರಿಕೊಂಡಿದ್ದರು.

ಕುರ್ಚಿ ನನಗೇ ಉಳಿಯಿತು. ಹೊಸಬರು ಸೇರಿದಾಗಲೆಲ್ಲ ಮ್ಯಾನೇಜರ್ ನನ್ನನ್ನು ತೋರಿಸಿ, ಎಂಜಿನಿಯರುಗಳಿಗೂ ಸಿಗದ ದೋಷ ಕಂಡುಹಿಡಿದವಳು ಇವಳೇ ಎನ್ನುತ್ತಾರೆ. ಇಲ್ಲ ಸಾರ್, ನಾನಲ್ಲ ಎಂಬ ಮಾತು ಗಂಟಲವರೆಗೆ ಬರುತ್ತದೆ. ನಾನು ಹೌದೆಂದು ತಲೆಯಾಡಿಸುತ್ತೇನೆ.