ಇಲ್ಲದ ಸೆರಗು

ನನ್ನ ಹೆಂಡತಿಯ ಜಡೆ ಹೆಣೆಯುವುದನ್ನು ನಾನು ಕಲಿತದ್ದು ಅರವತ್ತು ದಾಟಿದ ಮೇಲೆ. ಕಲಿತೆ ಅನ್ನುವುದು ದೊಡ್ಡ ಮಾತಾಯಿತು. ಅವಳು ಕನ್ನಡಿಯ ಮುಂದೆ ಕೂತು ಕೂದಲನ್ನು ಮೂರು ಪಾಲು ಮಾಡಿ ಎನ್ನುತ್ತಿದ್ದಳು. ನಾನು ಹಿಂದೆ ನಿಂತು ಎರಡನ್ನು ಹಿಡಿದು ಮೂರನೆಯದನ್ನು ಕಳೆದುಕೊಳ್ಳುತ್ತಿದ್ದೆ. ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂತು, ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು ನಾನು. ಆ ಜಡೆಯನ್ನು ಯಾರಾದರೂ ನನ್ನ ಮೇಜಿಗೆ ಕಳಿಸಿದ್ದರೆ ಅಲ್ಲೇ ವಾಪಸ್ಸು ಮಾಡುತ್ತಿದ್ದೆ. ಅವಳು ಮಾತ್ರ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಎದ್ದು ಹೋಗುತ್ತಿದ್ದಳು.

ಅವಳ ಎಡಗೈ ಭುಜದ ಮಟ್ಟದಿಂದ ಮೇಲೇಳುವುದು ನಿಂತು ಆಗಲೇ ಅರ್ಧ ವರ್ಷವಾಗಿತ್ತು. ಜಯನಗರದ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರೆಲ್ಲ ಅರೆ ಡಾಕ್ಟರುಗಳೇ. ಒಬ್ಬರು ಎಳ್ಳೆಣ್ಣೆ ಎಂದರು, ಒಬ್ಬರು ಮರಳಿನ ಶಾಖ ಎಂದರು, ಇನ್ನೊಬ್ಬರು ಇದೆಲ್ಲ ತಾನಾಗಿ ಬರುತ್ತೆ ತಾನಾಗಿ ಹೋಗುತ್ತೆ ಎಂದು ಕೈ ಬೀಸಿಕೊಂಡು ಮುಂದೆ ಹೋದರು. ಅವರ ಕೈ ಆರಾಮವಾಗಿ ಬೀಸುತ್ತಿತ್ತಲ್ಲ, ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ, ಸ್ನಾಯುವಿನ ಅಂಚು ಸ್ವಲ್ಪ ಸವೆದಿದೆ, ವ್ಯಾಯಾಮ ಮಾಡಿ ನೋಡೋಣ, ಕೈ ಏಳದಿದ್ದರೆ ಆಪರೇಷನ್ ಎಂದರು.

ಆಪರೇಷನ್ ಅಂದ ದಿನದಿಂದ ಅವಳು ನೋವಿನ ಮಾತೇ ಬಿಟ್ಟಳು. ಪ್ರಜ್ಞೆ ತಪ್ಪಿಸಿ ಮಲಗಿಸುತ್ತಾರೆ ಅನ್ನುವುದನ್ನು ನೆನೆಸಿಕೊಂಡರೇ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತು. ಒಂದು ಮಧ್ಯಾಹ್ನ ಅಡುಗೆಮನೆಗೆ ಹೋಗಿ ನೋಡಿದರೆ, ಮೇಲಿನ ಗೂಡಿನ ಡಬ್ಬಗಳನ್ನೆಲ್ಲ ಬಲಗೈಯಲ್ಲಿ ಒಂದೊಂದಾಗಿ ಇಳಿಸಿ ಕೆಳಗೆ ಜೋಡಿಸುತ್ತಿದ್ದಳು. ಎಡಗೈ ಇನ್ನು ಇಷ್ಟೇ ಎಂದು ಲೆಕ್ಕ ಮುಗಿಸಿದವಳ ಹಾಗೆ. ಅವಳು ನರಳಿದ್ದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಜೆ.ಪಿ. ನಗರದ ಫಿಸಿಯೋಥೆರಪಿ ಕಾಲೇಜಿಗೆ ಹೋಗುತ್ತಿದ್ದೆವು. ಗೋಡೆಯ ಮೇಲೆ ಬೆರಳಲ್ಲಿ ಹತ್ತುವುದು, ರಬ್ಬರ್ ಪಟ್ಟಿ ಎಳೆಯುವುದು, ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಹೋಮ್‌ವರ್ಕ್ ತಪ್ಪಿಸುವ ಜಾತಿಯಲ್ಲ. ಆದರೂ ಕೈ ಇದ್ದಲ್ಲೇ ಇತ್ತು. ಅಲ್ಲಿಯೇ ಭುಜದ ನೋವಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ಅವಳನ್ನು ನೋಡಿ, ನನ್ನ ಅಧ್ಯಯನಕ್ಕೆ ಬರುತ್ತೀರಾ ಎಂದು ಕೇಳಿದಳು. ವಿಜಯಪುರದ ಕಡೆಯವಳು, ಬಿಟಿಎಂನಲ್ಲಿ ಗೆಳತಿಯರ ಜೊತೆ ಬಾಡಿಗೆ ಮನೆ. ಸೂಜಿ ಇಲ್ಲ, ಮಾತ್ರೆ ಇಲ್ಲ, ಚರ್ಮದ ಮೇಲೆ ವೈರಿನ ಬಿಲ್ಲೆ ಅಂಟಿಸಿ ಸ್ನಾಯುಗಳು ಯಾವಾಗ ಕೆಲಸ ಮಾಡುತ್ತವೆ ಎಂದು ಪರದೆಯಲ್ಲಿ ನೋಡುವುದಷ್ಟೇ ಎಂದಳು. ಸಂಶೋಧನೆ ಅಂದರೆ ನಮ್ಮ ಮೇಲೆ ಪ್ರಯೋಗ ಎಂದು ನನಗೆ ಗುಮಾನಿ. ಹೆಂಡತಿ ಮಾತ್ರ ಕೂಡಲೇ ಒಪ್ಪಿಕೊಂಡಳು. ಆಪರೇಷನ್ ಅಲ್ಲದ್ದು ಯಾವುದಾದರೂ ಸರಿ ಅವಳಿಗೆ.

ಸೀರೆ ಬದಲಿಸಿ, ಬೆನ್ನು ತೆರೆದಿರುವ ಹಸಿರು ಗೌನು ಹಾಕಿಸಿದರು. ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಸ್ನಾಯುವಿನ ಮೇಲೆ ಎರಡೂ ಕಡೆ ಬಿಲ್ಲೆ ಅಂಟಿಸಿದರು. ಮಲಗಿದ್ದಾಗ ಪರದೆಯ ಗೆರೆಗಳು ಎರಡೂ ಚಪ್ಪಟೆ. ಎದ್ದು ಕೂತಳು, ಬಲಗಡೆಯ ಗೆರೆ ಹಾಗೇ ಇತ್ತು, ಎಡಗಡೆಯದು ಎದ್ದು ನಡುಗತೊಡಗಿತು. ಕೈಗಳೆರಡೂ ಮಡಿಲಲ್ಲಿದ್ದವು. ಯಾವ ಕೆಲಸವೂ ಇಲ್ಲದೆ ಆ ಸ್ನಾಯು ದುಡಿಯುತ್ತಿತ್ತು.

ಭುಜ ಸಡಿಲ ಬಿಡಿ ಎಂದು ಹುಡುಗಿ ಹೇಳಿದಳು. ಬಿಟ್ಟಿದ್ದೇನೆ ಎಂದು ಇವಳು ಹೇಳಿದಳು. ವೈರುಗಳನ್ನು ಅದಲು ಬದಲು ಮಾಡಿ ನೋಡಮ್ಮ ಎಂದು ನಾನು ಬಾಯಿ ಹಾಕಿದೆ. ಹುಡುಗಿ ಆಗಲೇ ಅದನ್ನು ಮಾಡುತ್ತಿದ್ದಳು. ಬಿಲ್ಲೆ ಬದಲಾಯಿಸಿದಳು, ಫ್ಯಾನು ಆರಿಸಿದಳು. ಎಡಭುಜ ಮಾತ್ರ ಸುಮ್ಮನಾಗಲಿಲ್ಲ. ಹುಡುಗಿ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದಾಗ ನನ್ನ ಹೆಂಡತಿಯ ಬಲಗೈ ಮೆಲ್ಲಗೆ ಎದ್ದು, ಎಡಭುಜದ ಮೇಲೆ ಏನನ್ನೋ ಎಳೆದು ಸರಿಮಾಡಿ, ಮತ್ತೆ ಮಡಿಲಿಗೆ ಬಂತು.

"ಆಂಟಿ, ಈಗ ಏನ್ ಮಾಡಿದ್ರಿ?"

"ಏನಿಲ್ಲಮ್ಮ, ಸೆರಗು ಸರಿ ಮಾಡ್ಕೊಂಡೆ."

"ಸೆರಗು ಎಲ್ಲೈತ್ರಿ?"

ಇವಳು ತನ್ನ ಭುಜವನ್ನು ನೋಡಿಕೊಂಡಳು. ಹಸಿರು ಗೌನು, ಅದರ ಮೇಲೆ ಎರಡು ವೈರು. ಮೂವರೂ ನಕ್ಕೆವು, ಇವಳೇ ಎಲ್ಲರಿಗಿಂತ ಜಾಸ್ತಿ. ಆಮೇಲೆ ಹುಡುಗಿ ನಗು ನಿಲ್ಲಿಸಿ, ನೀವು ಸೆರಗಿಗೆ ಪಿನ್ನು ಹಾಕುತ್ತೀರಾ ಎಂದು ಕೇಳಿದಳು. ಇಲ್ಲ, ಕಾಟನ್ ಸೀರೆಗೆ ಪಿನ್ನು ಚುಚ್ಚಿದರೆ ಹರಿಯುತ್ತೆ ಎಂದಳು ಇವಳು. ಹಾಗಾದರೆ ಜಾರದಂತೆ ಹೇಗೆ ಹಿಡಿದುಕೊಳ್ಳುತ್ತೀರಿ ಎಂದಳು ಹುಡುಗಿ. ಉತ್ತರ ಪರದೆಯ ಮೇಲೆ ನಡುಗುತ್ತಿತ್ತು. ಭುಜವನ್ನು ಅರ್ಧ ಅಂಗುಲ ಮೇಲಕ್ಕೆತ್ತಿ, ಕತ್ತಿನ ಕಡೆಗೆ ಒತ್ತಿ, ಹಾಗೆ ಹಿಡಿದುಕೊಳ್ಳುತ್ತಿದ್ದಳು. ಇಷ್ಟು ವರ್ಷ ಅವಳ ಪಕ್ಕದಲ್ಲೇ ನಡೆದವನು ನಾನು, ಅವಳ ಮೈಕಟ್ಟೇ ಹಾಗೆ ಅಂದುಕೊಂಡಿದ್ದೆ.

ಹುಡುಗಿ ವಿವರಿಸಿದ್ದನ್ನು ನಾನು ನನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಬನ್ನೇರುಘಟ್ಟ ರಸ್ತೆಯ ಮೆಟ್ರೋ ಕೆಲಸದಲ್ಲಿ ಕ್ರೇನ್ ನೋಡುತ್ತಾ ನಿಲ್ಲುವುದು ನನ್ನಂಥ ನಿವೃತ್ತರ ಚಟ. ಕ್ರೇನು ತೋಳೆತ್ತುವ ಮೊದಲು ಕಾಲು ಚಾಚಿ ನೆಲಕ್ಕೆ ಊರಿಕೊಳ್ಳುತ್ತದೆ. ತೋಳಿಗೆ ಬುಡ ಅಂದರೆ ಬೆನ್ನ ಮೇಲಿನ ಹಲಗೆಯಂಥ ಮೂಳೆ. ಅದು ಸರಿಯಾಗಿ ಕೂತು, ಕೈ ಏಳುವಾಗ ತಾನೂ ತಿರುಗಿ ಜಾಗ ಕೊಡಬೇಕು. ಇವಳದು ಮೊದಲೇ ಮೇಲಕ್ಕೆ ಎಳೆದುಕೊಂಡು ಕೂತಿದ್ದರಿಂದ ಕೈಗೆ ಜಾಗವಿರದೆ ಸ್ನಾಯು ಮೂಳೆಗಳ ನಡುವೆ ಸಿಕ್ಕಿ ನೋಯುತ್ತಿತ್ತು. ಮಾಡಿದ ವ್ಯಾಯಾಮವೆಲ್ಲ ಭುಜ ಎತ್ತಿಕೊಂಡೇ ಮಾಡಿದ್ದು. ಒಬ್ಬ ಆಂಟಿಯನ್ನು ನೋಡಿ ಸಂಶೋಧನೆ ಮುಗಿಯುವುದಿಲ್ಲ, ಎಷ್ಟೋ ಜನರನ್ನು ನೋಡಬೇಕು, ಆದರೆ ನಿಮ್ಮ ಕೈಗೆ ಇನ್ನೊಂದು ದಾರಿ ಇದೆ ಎಂದಳು.

ಹೊರಬಂದು ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಇವಳು ಲೋಟ ಕೆಳಗಿಟ್ಟು, ಬೊಮ್ಮನಹಳ್ಳಿ ಕಡೆಯ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು ತೆಗೆದಳು. ಒಂಬತ್ತನೇ ತರಗತಿ, ಹುಡುಗರೇ ಜಾಸ್ತಿ. ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಿದ್ದಾಗ ಸೆರಗು ಪೂರ್ತಿ ಜಾರಿಬಿಟ್ಟಿತಂತೆ. ಹಿಂದಿನಿಂದ ಒಂದು ಸೀಟಿ, ಆಮೇಲೆ ನಗು.

"ಸೆರಗು ಎತ್ಕೊಂಡೆ. ಆದ್ರೆ ಗಂಟೆ ಹೊಡೆಯೋ ತನಕ ಅವರ ಕಡೆ ತಿರುಗ್ಲಿಲ್ಲ ಕಣ್ರೀ, ಬರೀತಾನೇ ಇದ್ದೆ. ಆವತ್ತಿಂದ ಇರಬೇಕು ಇದು."

ನಮ್ಮ ಮದುವೆಗೂ ಮುಂಚಿನ ಮಾತು. ಒಮ್ಮೆಯೂ ಹೇಳಿರಲಿಲ್ಲ. ನನಗೆ ಆ ಹುಡುಗರ ಮೇಲೆ ಕೆಟ್ಟ ಕೋಪ ಬಂತು. ಈಗ ಎಲ್ಲರಿಗೂ ತಲೆ ನರೆತಿರುತ್ತದೆ, ಹೊಟ್ಟೆ ಬಂದಿರುತ್ತದೆ, ಆದರೂ ಸಾಲಾಗಿ ನಿಲ್ಲಿಸಿ ಕಿವಿ ಹಿಂಡಬೇಕು ಅನ್ನಿಸಿತು. ಹಾಗೆಂದು ಹೇಳಿದೆ. ಅವರೆಲ್ಲ ಆಮೇಲೆ ಚೆನ್ನಾಗಿಯೇ ಪಾಸಾದರು ಎಂದು ನಗುತ್ತಾ ಕಾಫಿ ಮುಗಿಸಿದಳು.

ಮುಂದಿನ ವಾರ ಅದನ್ನೇ ಆ ಹುಡುಗಿಗೂ ಹೇಳಿದಳು. ಹುಡುಗಿ ಪರದೆಯನ್ನು ಇವಳ ಕಡೆಗೆ ತಿರುಗಿಸಿ, ಗೆರೆಯನ್ನು ನೀವೇ ಕೆಳಗಿಳಿಸಿ ಎಂದಳು. ಇವಳು ಉಸಿರು ಬಿಟ್ಟಳು, ಕಣ್ಣು ಮುಚ್ಚಿದಳು, ಮನಸ್ಸಿನಲ್ಲೇ ಮಗ್ಗಿ ಹೇಳಿದಳೆಂದು ಕಾಣುತ್ತದೆ, ತುಟಿ ಆಡುತ್ತಿತ್ತು. ಗೆರೆ ಇಳಿಯಲಿಲ್ಲ. ಭುಜವನ್ನು ಇಳಿಸುವುದು ಹೇಗೆಂದೇ ಗೊತ್ತಿಲ್ಲ ಎನ್ನುವಾಗ ಅವಳ ದನಿ ಸಣ್ಣಗಾಯಿತು. ನನಗೆ ಅಡುಗೆಮನೆಯ ಡಬ್ಬಗಳು ನೆನಪಾದವು, ಇದೂ ಆಗಲಿಲ್ಲವಲ್ಲ ಅನ್ನಿಸಿತು.

ಹುಡುಗಿ ಎದ್ದು ಇವಳ ಪಕ್ಕಕ್ಕೆ ಬಂದಳು. ಆಮೇಲೆ ತನ್ನ ದುಪಟ್ಟಾ ತೆಗೆದು, ಮಡಿಕೆ ಮಾಡಿ, ಸೆರಗಿನ ಹಾಗೆ ಇವಳ ಎಡಭುಜದ ಮೇಲೆ ಹಾಕಿದಳು. ಬ್ಯಾಗಿನಿಂದ ಎರಡು ಪಿನ್ನು ತೆಗೆದು ಗೌನಿಗೆ ಸೇರಿಸಿ ಚುಚ್ಚಿದಳು, ಎಳೆದು ತೋರಿಸಿದಳು, ಮೇಲೆ ತನ್ನ ಅಂಗೈಯನ್ನೂ ಇಟ್ಟಳು.

"ಇನ್ನ ಬೀಳೂದಿಲ್ರಿ ಆಂಟಿ. ನೀವು ಹಿಡ್ಕೋಬ್ಯಾಡ್ರಿ, ನಾ ಹಿಡ್ದೀನಿ."

ಗೆರೆ ಒಮ್ಮೆ ಜೋರಾಗಿ ನಡುಗಿತು. ಆಮೇಲೆ ಇಳಿಯತೊಡಗಿತು, ಸ್ವಲ್ಪ ಇಳಿದು ನಿಂತು, ಮತ್ತೆ ಇಳಿದು, ಬಲಗಡೆಯ ಗೆರೆಯ ಪಕ್ಕದಲ್ಲಿ ಮಲಗಿತು. ನನ್ನ ಹೆಂಡತಿಯ ಕತ್ತು ಒಂದಿಷ್ಟು ಉದ್ದವಾದಂತೆ ಕಂಡಿತು. ಅವಳ ಕಣ್ಣಲ್ಲಿ ನೀರು ಬಂತು. ನೋವಾಯಿತಾ ಎಂದು ಕೇಳಿದೆ. ಇಲ್ಲ, ಹಗುರ ಆಯಿತು ಎಂದಳು. ನಾನೂ ಅಷ್ಟು ಹೊತ್ತು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ ಎನ್ನುವುದು ಬಿಟ್ಟಾಗಲೇ ಗೊತ್ತಾದದ್ದು.

ಅದಾದ ಮೇಲೆ ಎಲ್ಲ ಒಂದೇ ಸಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಪಿನ್ನು ಹಾಕುವುದಕ್ಕೆ ಒಪ್ಪಿದಳು, ಎರಡು ಸೀರೆ ಹರಿದವು, ಅದಕ್ಕೆ ನನ್ನನ್ನೂ ಸಂಶೋಧನೆಯನ್ನೂ ಸೇರಿಸಿ ಬೈದಳು. ಮೊದಲು ಭುಜ ಇಳಿಸುವುದು, ಆಮೇಲೆ ಕೈ ಎತ್ತುವುದು, ಹೀಗೆ ಅದೇ ಹಳೆಯ ವ್ಯಾಯಾಮಗಳನ್ನು ಹೊಸದಾಗಿ ಕಲಿತಳು. ಕೈ ಕಿವಿಯವರೆಗೆ ಬಂತು, ತಿಂಗಳುಗಳು ಕಳೆದು ತಲೆಯ ಮೇಲಕ್ಕೂ ಬಂತು. ಒಂದು ದಿನ ಸಾಸಿವೆ ಡಬ್ಬ ಮೇಲಿನ ಗೂಡಿಗೆ ವಾಪಸ್ಸು ಹೋಯಿತು. ಹಗುರದ್ದು ಎಂದು ಅದನ್ನೇ ಮೊದಲು ಆರಿಸಿದ್ದಳು.

ಮೂಳೆ ಡಾಕ್ಟರು ಕೈ ಎತ್ತಿಸಿ, ತಿರುಗಿಸಿ ನೋಡಿ, ಆಪರೇಷನ್ ಮಾತು ಈಗ ಬೇಡವೇ ಬೇಡ ಎಂದರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ. ಅಷ್ಟು ಸಂತೋಷವಾಗಿತ್ತು ನನಗೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಜಯನಗರ ಕಾಂಪ್ಲೆಕ್ಸಿಗೆ ಹೂವು ತರಲು ಹೋದೆವು. ಕಾಲಿಡಲು ಜಾಗವಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಇವಳು ಪಿನ್ನು ಮರೆತಿದ್ದಳು. ಮಲ್ಲಿಗೆಯವಳ ಹತ್ತಿರ ಚೌಕಾಶಿ ಜೋರಾಗಿ ನಡೆದಿದ್ದಾಗ ಯಾರೋ ಉಜ್ಜಿಕೊಂಡು ಹೋದರು, ಸೆರಗು ಜಾರಿ ಮೊಣಕೈಗೆ ಬಂತು. ನಾನು ಅವಳ ಭುಜವನ್ನು ನೋಡಿದೆ. ಮೇಲೇಳಲಿಲ್ಲ. ನಾನೇ ಸರಿಮಾಡೋಣವೆಂದು ಕೈ ಚಾಚಿದೆ.

"ಇರ್ಲಿ ಬಿಡ್ರೀ, ಎಲ್ಲೂ ಹೋಗಲ್ಲ ಅದು," ಎಂದಳು.

ಮಲ್ಲಿಗೆಯವಳು ಒಂದು ತುಂಡು ಹೂವನ್ನು ಕೊಸರಾಗಿ ಕೊಟ್ಟಳು. ಇವಳು ಚೀಲವನ್ನು ನನ್ನ ಕೈಗೆ ಕೊಟ್ಟು, ಅಷ್ಟು ಜನರ ನಡುವೆ ನಿಂತು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಎತ್ತಿ, ತಾನೇ ಹೆಣೆದುಕೊಂಡಿದ್ದ ಜಡೆಗೆ ಹೂವು ಮುಡಿದುಕೊಂಡಳು. ಸೆರಗನ್ನು ಆಮೇಲೆ ಹೊದ್ದುಕೊಂಡಳು.