ಗುರುಗುಟ್ಟುವ ಮಂಚದ ಮೇಲೆ ನಮ್ಮತ್ತೆ

ನಮ್ಮತ್ತೆ ಪೂಜೆ ಮುಗಿಸದೆ ಒಂದು ಗುಟುಕು ಕಾಫಿಯನ್ನೂ ಕುಡಿಯುವವರಲ್ಲ. ಕೊರಳಲ್ಲಿ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಅವರ ಲಿಂಗ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜಿಸಬೇಕು. ಆಮೇಲೇ ತಿಂಡಿ, ಊಟ. ನಂಜನಗೂಡಿನ ಆ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಜ್ವರ ಬಂದ ದಿನವೂ ಇದರಲ್ಲಿ ಏರುಪೇರಾದದ್ದು ಕಾಣೆ.

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಅವರ ಸೊಂಟ ಕೈಕೊಟ್ಟಿತು. ಹೆಡತಲೆ ಊರಿನ ಗದ್ದೆಯಲ್ಲಿ ಆಯಸ್ಸಿನುದ್ದಕ್ಕೂ ಬಗ್ಗಿ ನಾಟಿ ಹಾಕಿದ ಸೊಂಟ, ಎಷ್ಟು ದಿನ ಅಂತ ತಡೆದೀತು! ಮೈಸೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಬೆನ್ನುಮೂಳೆ ಸವೆದಿದೆ, ಆಪರೇಷನ್ ಬೇಕಾಗಬಹುದು ಎಂದರು. "ನನ್ ಮೈಗೆ ಕತ್ರಿ ಮುಟ್ಟಿಸಾಕಿಲ್ಲ," ಎಂದರು ಅತ್ತೆ. ಅಲ್ಲಿಗೆ ಆ ಮಾತು ಮುಗಿಯಿತು.

ನಿಲ್ಲುತ್ತಿದ್ದರು, ನಡೆಯುತ್ತಿದ್ದರು, ನೆಲದ ಮೇಲೆ ಕೂರಲು ಮಾತ್ರ ಆಗುತ್ತಿರಲಿಲ್ಲ. ಗೋಡೆ ಹಿಡಿದು, ನರಳಿ, ಒಂದಿಷ್ಟು ಹೊತ್ತು ಕೂತು, ಎದ್ದು, ಮತ್ತೆ ಕೂತು ಪೂಜೆ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು. ಕೆಲವು ದಿನ ಮುಗಿಯುತ್ತಲೇ ಇರಲಿಲ್ಲ. ಅವತ್ತು ಉಪವಾಸ. ಅವರ ರವಿಕೆಯ ತೋಳು ದಿನೇದಿನೇ ಸಡಿಲವಾಗುವುದನ್ನು ನೋಡಿ ನನ್ನ ನಾಲಿಗೆಯಲ್ಲಿ ಸಿಟ್ಟು. ಇಡ್ಲಿ ಪಾತ್ರೆಯಲ್ಲೇ ತಣ್ಣಗಾಗುತ್ತಿತ್ತು. ಕೊನೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ದೇವರ ಮನೆಯಲ್ಲಿ ಹಾಕಿದೆ.

"ಕುರ್ಚಿ ಮ್ಯಾಲೆ ಕೂತು ಪೂಜೆ ಮಾಡಕ್ಕೆ ನಾನೇನು ತಾಸಿಲ್ದಾರಾ?" ಎಂದರು ಅತ್ತೆ.

"ತಾಸಿಲ್ದಾರರು ಹೊಟ್ಟೆ ತುಂಬ ತಿಂತಾರೆ ಅತ್ತೆ. ನೀವು ಹಿಂಗೇ ಇದ್ರೆ ಒಂದಿನ ಗಾಳಿಗೆ ಹಾರೋಗ್ತೀರ!"

ಅವರು ಕುರ್ಚಿಯ ಮೇಲೆ ಒದ್ದೆ ಟವೆಲ್ ಹರವಿ ಹೊರಗೆ ಹೋದರು.

ಆಗ ಹೆಮ್ಮಿಗೆಯಿಂದ ಬಂದ ನನ್ನ ತಮ್ಮ ಒಂದು ಸುದ್ದಿ ತಂದ. ಟಿ. ನರಸೀಪುರದಲ್ಲಿ ಹೊಸದಾಗಿ ಒಂದು ಕ್ಲಿನಿಕ್ಕಾಗಿದೆ, ಕುಯ್ಯುವುದಿಲ್ಲ, ಚುಚ್ಚುವುದಿಲ್ಲ, ಮಂಚದ ಕೆಳಗೆ ಮೋಟಾರು ಇಟ್ಟು ಬೆನ್ನನ್ನು ಅದುರಿಸುತ್ತಾರೆ, ಹಿಡಿದುಕೊಂಡಿದ್ದ ಅವನ ಸೊಂಟ ಅದರಿಂದಲೇ ಸಡಿಲವಾಯಿತಂತೆ. ಅತ್ತೆಯನ್ನು ಕಾಡಿ ಬೇಡಿ, ಮುಂಜಾನೆಯ ಬಸ್ಸಿಗೆ ಹೊರಡಿಸಿದೆ. ಪೂಜೆ ಬಂದು ಮಾಡ್ತೀನಿ ಅಂತ ಬರಿ ಹೊಟ್ಟೆಯಲ್ಲೇ ಹೊರಟರು.

ಅಲ್ಲಿ ಚಿಕಿತ್ಸೆ ಮಾಡುವ ಹುಡುಗಿ ಬಲು ಮೃದು ಮಾತಿನವಳು. ರೆಕ್ಸಿನ್ ಹೊದಿಸಿದ ಕಿರಿದಾದ ಮಂಚ ತೋರಿಸಿ, "ಅಜ್ಜಿ, ಕೊರಳಲ್ಲಿರೋ ಸರ ತೆಗೆದು ಈ ತಟ್ಟೆಯಲ್ಲಿಟ್ಟು ಬೋರಲು ಮಲಗಿ," ಎಂದಳು.

ಅತ್ತೆಯ ಮುಖ ಕೆಂಪಾಯಿತು. "ಸರ ಅಲ್ಲ ಕಣವ್ವ ಇದು, ನನ್ ಪ್ರಾಣ. ಇದನ್ನ ಬಿಚ್ಚಿಟ್ಟು ಮಲಗಾಕಿಲ್ಲ. ಇದರ ಮ್ಯಾಲೆ ಮಲಗೋದಂತೂ ಮೊದ್ಲೇ ಇಲ್ಲ." ಅಷ್ಟು ಹೇಳಿ ಬಾಗಿಲ ಕಡೆಗೆ ಹೊರಟೇಬಿಟ್ಟರು.

ನನಗೆ ಪಿತ್ತ ನೆತ್ತಿಗೇರಿತು. "ಅಷ್ಟು ದೂರ ಬಸ್ಸಲ್ಲಿ ಕುಲುಕಿಸ್ಕೊಂಡು ಬಂದಿದ್ದು ವಾಪಸ್ ಹೋಗಕ್ಕಾ ಅತ್ತೆ?"

"ಮಿಷನ್ನೂ ಕುಲುಕೋದೇ ತಾನೆ? ಬಸ್ಸೇ ಸಾಕು, ನಡಿ."

ಆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನೂ ಲಿಂಗ ಕಟ್ಟಿಕೊಂಡ ಮನೆತನದವಳೇ ಅಲ್ಲವೇ? ಸಿಟ್ಟಿನ ನಡುವೆಯೇ ಒಂದು ಉಪಾಯ ಹೊಳೆಯಿತು. "ಅತ್ತೆ, ಅಂಗೈಲಿದ್ರೆ ಮೈಯಿಂದ ಬಿಟ್ಟಂಗಲ್ಲ, ಅಲ್ವಾ?" ಎಂದೆ. ಅವರು ಹೊಸಲಿನ ಮೇಲೆ ನಿಂತರು. ಕರಡಿಗೆ ಮುಟ್ಟಿಕೊಂಡು, "ಅಂಗೈ ಸಿವನ ಜಾಗಾನೇ," ಎಂದರು.

ಮಂಚದ ತಲೆಯ ಹತ್ತಿರ ಒಂದು ಸ್ಟೂಲು ಇಟ್ಟೆವು. ಶಿವದಾರ ಕೊರಳಲ್ಲೇ ಉಳಿಯಿತು, ಖಾಲಿ ಕರಡಿಗೆಯನ್ನು ಬೆನ್ನ ಮೇಲಕ್ಕೆ ಸರಿಸಿದೆವು. ಅತ್ತೆ ಬೋರಲು ಮಲಗಿ ಎಡಗೈಯನ್ನು ಸ್ಟೂಲಿನ ಮೇಲೆ ಚಾಚಿದರು, ಅಂಗೈಯಲ್ಲಿ ಲಿಂಗ. ಹೇಗೂ ಪೂಜೆ ಆಗಿಲ್ಲವಲ್ಲ, ಇಲ್ಲೇ ಆಗಲಿ ಎಂದು ಮಂತ್ರ ಶುರು ಮಾಡಿದರು. ಹುಡುಗಿ ಸ್ವಿಚ್ಚು ಒತ್ತಿದಳು. ಮಂಚ ರಾಗಿ ಮಿಲ್ಲಿನ ಹಾಗೆ ಗುರುಗುಟ್ಟಿತು. ಮಂತ್ರ "ನನನ... ಮಮಮ..." ಎಂದು ತೊದಲಿತು.

"ನಿಲ್ಸವ್ವ, ನಿಲ್ಸು! ಸಿವ ಅಲ್ಲಾಡ್ತಾವ್ನೆ!"

ನಾನು ನೆಲಕ್ಕೆ ಕೂತು ಅವರ ಕೈಯ ಕೆಳಗೆ ನನ್ನ ಎರಡೂ ಕೈ ಕೊಟ್ಟು ಬಿಗಿಯಾಗಿ ಹಿಡಿದೆ. ಅವರ ಬೆನ್ನಿನ ಅದುರು ತೋಳಿಗಿಳಿದು, ನನ್ನ ಮೊಣಕೈವರೆಗೂ ಬರುತ್ತಿತ್ತು. ಅಂಗೈ ಮಾತ್ರ ಅಲ್ಲಾಡಲಿಲ್ಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ಜಗಳವಾಡಿದ್ದೆವು, ಅವರ ಕೈ ಹಾಗೆ ಹಿಡಿದದ್ದು ಅದೇ ಮೊದಲು. ನಾಟಿ ಹಾಕಿ ಒಡೆದ ಒರಟು ಕೈ. ಎಷ್ಟು ಹಗುರವಾಗಿಬಿಟ್ಟಿದೆಯಲ್ಲ ಎಂದು ಅಳು ಬಂತು.

ಆಮೇಲೆ ಮಳೆಗಾಲ ಮುಗಿಯುವವರೆಗೂ ವಾರವಾರ ಹೋದೆವು. ಬಸ್ಸಿನಲ್ಲಿ ಜಗಳ, ಮಂಚದ ಮೇಲೆ ಪೂಜೆ. ಆಮೇಲೆ ಕ್ಲಿನಿಕ್ಕಿನ ಎದುರಿನ ಹೋಟೆಲಿನಲ್ಲಿ ದೋಸೆ. ವಾರದಲ್ಲಿ ಅದೊಂದು ದಿನ ಮಾತ್ರ ಅವರು ಬೆಳಿಗ್ಗೆಯೇ ಉಣ್ಣುತ್ತಿದ್ದರು. ಮನೆಯಲ್ಲಿ ಮತ್ತದೇ ಗೋಡೆ, ಅದೇ ನರಳಾಟ. ರಾತ್ರಿ ಹೊರಳಲು ಸ್ವಲ್ಪ ಸಲೀಸಾಯಿತು ಎನ್ನುತ್ತಿದ್ದರು ಅಷ್ಟೇ. ಕೊನೆಗೆ ಆ ಹುಡುಗಿಯೇ, "ಬಿಗಿದಿದ್ದು ಸಡಿಲ ಆಗಿದೆ ಅಜ್ಜಿ. ಸವೆದಿದ್ದನ್ನ ಈ ಮಿಷನ್ ಬೆಳೆಸಲ್ಲ. ನೆಲದ ಮೇಲೆ ಕೂರೋದು ಇನ್ನು ಬೇಡ," ಎಂದುಬಿಟ್ಟಳು. ಅವಳ ಮೇಲೆ ರೇಗಲಾರದೆ ಬಸ್ಸಿನಲ್ಲಿ ಕಂಡಕ್ಟರನ ಮೇಲೆ ರೇಗಿದೆ. ಅತ್ತೆ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಮರುದಿನ ಬೆಳಿಗ್ಗೆ ನಾನು ಇಡ್ಲಿ ಬೇಯಲಿಟ್ಟಿದ್ದೆ. ದೇವರ ಮನೆಯಲ್ಲಿ ಏನೋ ಎಳೆದ ಸದ್ದಾಯಿತು. ಬಿದ್ದರೇನೋ ಎಂದು ಓಡಿದೆ. ಅತ್ತೆ ಟವೆಲ್ ತೆಗೆದುಹಾಕಿ, ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಹಣೆಯಲ್ಲಿ ವಿಭೂತಿ, ಎಡ ಅಂಗೈಯಲ್ಲಿ ಲಿಂಗ.

"ಏನಂಗೆ ನೋಡ್ತೀಯ? ಬೋರಲು ಬಿದ್ಕೊಂಡು ಗಡಗಡ ಅಂತಿದ್ದಾಗ್ಲೇ ಕೈಗೆ ಬಂದೋನು, ಕುರ್ಚಿ ಮ್ಯಾಲೆ ಬರಾಕಿಲ್ಲ ಅಂತಾನಾ? ಬಾ, ಕೈ ಕೊಡು."

"ಈಗೇನೂ ಅಲ್ಲಾಡ್ತಿಲ್ವಲ್ಲ ಅತ್ತೆ."

"ಅಲ್ಲಾಡ್ದಿದ್ರೂ ಕೊಡು. ಅಭ್ಯಾಸ ಆಗೋಗದೆ."

ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅವರ ಕೈಯ ಕೆಳಗೆ ಕೈ ಕೊಟ್ಟೆ. ಪೂಜೆ ಮುಗಿದಾಗ ಅಡುಗೆಮನೆಗೆ ಇನ್ನೂ ಎಳೆಬಿಸಿಲು ಬೀಳುತ್ತಿತ್ತು. ಒಂದು ತಟ್ಟೆಗೆ ಇಡ್ಲಿ ಹಾಕಿ ಅವರ ಮುಂದಿಟ್ಟರೆ, "ನಿನ್ ತಟ್ಟೆ ಎಲ್ಲಿ?" ಎಂದರು. ನಾನು ಆಮೇಲೆ ತಿಂತೀನಿ ಎಂದದ್ದಕ್ಕೆ ಗದರಿದರು. "ನಾನು ಉಣ್ಣೋಗಂಟ ನೀನೂ ಅಸ್ಕೊಂಡಿರ್ತಿದ್ದೆ ಅಂತ ನಂಗೆ ಗೊತ್ತಿಲ್ಲ ಅನ್ಕೊಂಡಿದ್ದೀಯಾ? ಕೂತ್ಕೊ."

ಕೂತೆ. ಕಣ್ಣು ಮಂಜಾಗಿ ಚಟ್ನಿ ಎಲ್ಲಿದೆಯೆಂದೇ ಕಾಣಲಿಲ್ಲ. ಅಷ್ಟರಲ್ಲಿ ಅತ್ತೆ ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿ, "ಇನ್ನೆರಡು ಆಕು," ಎಂದರು.